ನೀರುಗಂಟಿಯ ಶಾಂತಿಗೀತೆ

ನನ್ನ ಗಂಡ ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಬೀಡಿ ಸಹ ಸೇದುವುದಿಲ್ಲ. ಹಾಗಂತ ನನ್ನ ತವರಿನವರು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅವರ ದೃಷ್ಟಿಯೇ ತಾಗಿತೋ ಏನೋ, ಮಗಳು ಹಾಸ್ಟೆಲಿಗೆ ಸೇರಿ ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಈ ಮನುಷ್ಯ ಗಿಟಾರ್ ಹಿಡಿದ. ಕುಡಿತವಾಗಿದ್ದರೆ ಬಿಡಿಸುವುದಕ್ಕೆ ಅಲ್ಲಲ್ಲಿ ಶಿಬಿರ ಮಾಡುತ್ತಾರೆ. ಗಿಟಾರ್ ಬಿಡಿಸುವುದಕ್ಕೆ ಯಾರೂ ಮಾಡುವುದಿಲ್ಲ. ಕಲಿಸುವುದಕ್ಕೆ ಮಾಡುತ್ತಾರೆ.

ಇವರ ಹೆಸರು ಧರ್ಮೇಂದ್ರ. ನಮ್ಮೂರ ನೀರುಗಂಟಿ. ಊರು ದಂಡಿಗನಹಳ್ಳಿ ಹೋಬಳಿಯದು. ಊರಿನ ಹೆಸರು ಹೇಳಿದರೆ ನಾಳೆ ಒಬ್ಬ ಹೆಂಗಸೂ ನನ್ನ ಹತ್ತಿರ ಬ್ಲೌಸು ಹೊಲಿಸುವುದಿಲ್ಲ, ಅದಕ್ಕೇ ಹೇಳುತ್ತಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ಬೋರಿನ ಮೋಟಾರ್ ಹಾಕಿ, ಟ್ಯಾಂಕು ತುಂಬಿಸಿ, ಬೀದಿಗೊಂದು ವಾಲ್ವ್ ತಿರುಗಿಸಿ ನೀರು ಬಿಡುವುದು ಇವರ ಕೆಲಸ. ಇವರ ಅಪ್ಪನೂ ನೀರುಗಂಟಿಯೇ. ಅವರ ಕಾಲದಲ್ಲಿ ಕೆರೆಯ ತೂಬು ಎತ್ತುತ್ತಿದ್ದರು. ಈಗ ಕೆರೆಯಲ್ಲಿ ಕ್ರಿಕೆಟ್ ಆಡುತ್ತಾರೆ.

ನಾನು ಭಾನುಪ್ರಿಯಾ. ನಮ್ಮಪ್ಪ ಹೊಳೆನರಸೀಪುರದ ಟಾಕೀಸಿನಲ್ಲಿ ಯಾವುದೋ ಸಿನಿಮಾ ನೋಡಿ ಬಂದ ವಾರದಲ್ಲೇ ನಾನು ಹುಟ್ಟಿದೆನಂತೆ, ಹೀರೋಯಿನ್ ಹೆಸರನ್ನೇ ಇಟ್ಟುಬಿಟ್ಟರು. ಅಷ್ಟು ಆಸೆಪಟ್ಟು ಇಟ್ಟ ಹೆಸರನ್ನು ಈ ಊರಿಗೆ ಬಂದ ಮೇಲೆ ಯಾರೂ ಪೂರ್ತಿ ಕರೆದದ್ದಿಲ್ಲ. ಅತ್ತೆಗೆ ನಾನು 'ಅಮ್ಮಯ್ಯ'. ಬ್ಲೌಸು ಹೊಲಿಸುವವರಿಗೆ 'ಟೈಲರ್ ಬಾನು'. ಗಂಡನಿಗೆ 'ಇವಳೇ'. ತೆಂಗಿನ ಮರ ಹತ್ತುವವನನ್ನು ಕರೆಯುವಾಗಲೂ ಹೆಸರು ಹಿಡಿದು ಕರೆಯುವ ಮನುಷ್ಯ ಮನೆಯೊಳಗೆ ಬಂದರೆ 'ಇವಳೇ, ಟವಲ್ಲು', 'ಇವಳೇ, ಊಟ'. ನಾನೂ ಅದಕ್ಕೇ ಹೂಂಗುಟ್ಟಿಕೊಂಡು ಇದ್ದೆ.

ಗಿಟಾರ್ ಬಂದದ್ದು ನನ್ನ ಮೈದುನ ಅರುಣ್‌ಕುಮಾರನಿಂದ. ಅವನು ಹಾಸನದಲ್ಲಿದ್ದಾನೆ. ತನ್ನ ಮಗ ಸಂಗೀತಗಾರನಾಗಲಿ ಎಂದು ಕೊಡಿಸಿದ್ದ; ಮಗನಿಗೆ ಅಷ್ಟರಲ್ಲಿ ಫುಟ್ಬಾಲ್ ಹುಚ್ಚು ಹಿಡಿಯಿತು. "ಮನೇಲಿ ಜಾಗ ಇಲ್ಲ ಕಣಣ್ಣ, ನೀನೇ ಮಡಿಕೋ" ಎಂದು ತಂದು ಒಪ್ಪಿಸಿ ಹೋದ. ಇವರು ಅದನ್ನು ಗೋಡೆಯ ಮೊಳೆಗೆ, ವಾಲ್ವ್ ಕೀ ಪಕ್ಕದಲ್ಲೇ ನೇತುಹಾಕಿದರು. ಬರೀ ನೇತುಹಾಕಿದ್ದರೆ ಚಂದವಾಗಿತ್ತು.

ಆಮೇಲೆ ಫೋನಿನಲ್ಲಿ ನೋಡಿ ಬೆರಳು ಇಡುವುದನ್ನು ಕಲಿತರು. ಹಲವು ತಂತಿ ಒಟ್ಟಿಗೆ ಒತ್ತಿ ಮೀಟುವುದಕ್ಕೆ ಕಾರ್ಡ್ ಅನ್ನುತ್ತಾರಂತೆ, ಅಂಥ ನಾಲ್ಕನ್ನು ಹಿಡಿದರು. ಮೂರಕ್ಕೆ ಬೆರಳು ಒಗ್ಗಿತು, ಇ ಮೈನರ್ ಅನ್ನುವುದು ಮಾತ್ರ ಸತಾಯಿಸುತ್ತಿತ್ತು. "ಥೂ, ಈ ಮೈನರ್ ಕೂತ್ಕತಾನೇ ಇಲ್ಲ" ಎಂದು ಇವರು ಜಗುಲಿಯ ಮೇಲೆ ಗೊಣಗುತ್ತಿದ್ದರು. ನನ್ನ ಅತ್ತೆ ಸಣ್ಣಕ್ಕ ಅವರೆಕಾಯಿ ಬಿಡಿಸುತ್ತಿದ್ದವರು ತಲೆ ಎತ್ತಿ, "ಯಾವ ಮೈನರ್ಲಾ? ಮೈನರ್ ಕಟ್ಕೊಂಡು ಯಾವ ವ್ಯವಾರನೂ ಮಾಡಬ್ಯಾಡ. ರಿಜಿಸ್ಟ್ರು ನಿಲ್ಲಾಕಿಲ್ಲ" ಎಂದರು. ಅವರ ಮೈದುನನೊಬ್ಬ ಮೈನರ್ ಹುಡುಗನ ಸೈನು ಹಾಕಿಸಿಕೊಂಡು ಜಮೀನು ಕಳಕೊಂಡಿದ್ದ.

ಅಷ್ಟಕ್ಕೇ ನಿಂತಿದ್ದರೆ ಬೇರೆಯವರ ಹಾಡು ನುಡಿಸಿಕೊಂಡು ಇರುತ್ತಿದ್ದರೇನೋ. ಆದರೆ ಹಾಸನದಲ್ಲಿ ಒಂದು ಬೇಕರಿಯ ಮೇಲೆ ಸಂಜಯ್ ಸರ್ ಅನ್ನುವವರು ಭಾನುವಾರ ಭಾನುವಾರ ಹಾಡು ಕಟ್ಟುವುದನ್ನು ಕಲಿಸುತ್ತಾರೆ ಎಂದು ಗೊತ್ತಾಯಿತು. ಸರ್ ಅರಕಲಗೂಡಿನವರು. ಒಂದು ಕಾಲದಲ್ಲಿ ಬೆಂಗಳೂರಿನ ಬ್ಯಾಂಡಿನಲ್ಲಿದ್ದರಂತೆ. ಆ ಬ್ಯಾಂಡು ಮೊದಲ ಹಾಡು ಹಾಡುವ ಮೊದಲೇ ಒಡೆದುಹೋಯಿತಂತೆ. ಆ ನೋವಿನಲ್ಲಿ ಅವರು ಉದ್ದ ಕೂದಲು ಬಿಟ್ಟಿದ್ದಾರೆ, ಪಾಠವನ್ನೂ ಆ ನೋವಿನಲ್ಲೇ ಮಾಡುತ್ತಾರೆ.

ಅತ್ತೆಗೆ ಮಗ ಕಲಿಯುತ್ತಿದ್ದಾನೆ ಎಂದು ಹೆಮ್ಮೆ. ನಲ್ಲಿ ಹತ್ತಿರ ಎಲ್ಲರಿಗೂ ಹೇಳಿದರು. "ನನ್ ಮಗ ವಾರ ವಾರ ಆಸನಕ್ಕೆ ಓಗಿ ಆಡು ಕಟ್ಟೋದ ಕಲೀತಾವ್ನೆ."

ನಮ್ಮ ಕಡೆ ಹಾಡೂ ಆಡೇ, ಆಡೂ ಆಡೇ. ಎದುರು ಮನೆ ಸುಬ್ಬಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಅದ ಕಲಿಯಾಕೆ ಅಷ್ಟು ದೂರ ಯಾಕವ್ವಾ ಓಗ್ಬೇಕು? ನಮ್ಮನೇಲೇ ಎರಡವೆ. ಬಂದು ದಿನಾ ಕಟ್ಲಿ."

ಇವರ ಮೊದಲ ಹಾಡು ಸುಟ್ಟುಹೋದ ಮೋಟಾರಿನ ಮೇಲೆ ಕಟ್ಟಿದ್ದು. ನನಗೆ ಅದು ಇಷ್ಟವಾಗಿತ್ತು. ಸಂಜಯ್ ಸರ್ ಕೇಳಿ, "ಟ್ಯೂನ್ ಓಕೆ, ಆದರೆ ನಿಮ್ಮ ನೋವು ಎಲ್ಲಿದೆ?" ಎಂದರಂತೆ. ನೋವಿಲ್ಲದವನು ಹಾಡು ಬರೆಯಲಾರ, ಮನೆಗೆ ಹೋಗಿ ಹುಡುಕಿ ಎಂದು ಕಳಿಸಿದರಂತೆ. ಇವರು ಕೊನೆ ಬಸ್ಸಿಗೆ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೇಳಿದರು.

"ಇವಳೇ, ನಂಗೆ ಏನಾರ ನೋವೈತಾ?"

"ಮಂಡಿ ನೋವು ಅಂತಿದ್ರಲ್ಲ."

"ಅದಲ್ಲ ಕಣೇ. ಒಳಗಡೆದು."

"ಮೊನ್ನೆ ಹೊಟ್ಟೆ ನೋವು ಅಂದ್ರಿ."

ಇವರಿಗೆ ಬೇಜಾರಾಯಿತು. ಒಂದು ವಾರ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ನೋವು ಹುಡುಕಿದರು. ಪುಣ್ಯಕ್ಕೆ ಅಷ್ಟರಲ್ಲಿ ಚೆನ್ನಯ್ಯ ಮೇಷ್ಟ್ರು ಮನೆಗೆ ಬಂದರು. ಪುಣ್ಯ ಎಂದು ಆಗ ಅಂದುಕೊಂಡೆ.

ಚೆನ್ನಯ್ಯ ಮೇಷ್ಟ್ರು ಎಂದರೆ ನಮ್ಮ ಬೀದಿಗೆ ದೊಡ್ಡವರು. ರಿಟೈರಾಗಿದ್ದಾರೆ, ಬುದ್ಧಪೂರ್ಣಿಮೆ ಸಮಿತಿಯ ಅಧ್ಯಕ್ಷರು. ನಮ್ಮ ಬೀದಿಯ ಮನೆಗಳಲ್ಲಿ ಬುದ್ಧನ ಫೋಟೋ ಬಂದದ್ದು ಅವರಿಂದ. ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಹೆಸರು ಇಟ್ಟವರೂ ಅವರೇ. ಹಳೆಯ ಹೆಸರುಗಳು ಸಾಕು, ಇನ್ನು ಮೇಲೆ ನಮ್ಮ ಮಕ್ಕಳ ಹೆಸರು ಕರೆದರೆ ಧಮ್ಮ ಕೇಳಿಸಬೇಕು ಎಂಬುದು ಅವರ ಹಠ. ಈ ಸಲದ ಬುದ್ಧಪೂರ್ಣಿಮೆ ಚನ್ನರಾಯಪಟ್ಟಣದ ಭವನದಲ್ಲಿ, ಸುತ್ತಲ ಊರಿನವರೆಲ್ಲ ಬರುತ್ತಾರೆ. "ವರ್ಷಾ ವರ್ಷಾ ಅದೇ ಹಾರ್ಮೋನಿಯಂ ಆಗೋಯ್ತು. ನೀನು ಗಿಟಾರ್‌ನಲ್ಲಿ ಬುದ್ಧನ ಮ್ಯಾಲೆ ಒಂದು ಹೊಸ ಹಾಡು ಹಾಡು ಕಣಪ್ಪ. ಹುಡುಗರು ಕೇಳ್ತಾವೆ" ಎಂದು ಇವರಿಗೆ ವಹಿಸಿದರು. ಇವರು ಕಾಲಿಗೆ ಬೀಳುವುದೊಂದು ಬಾಕಿ.

ಆ ಹಾಡನ್ನು ಮೊದಲು ಬರೆದಾಗ ನಿಜಕ್ಕೂ ಚೆನ್ನಾಗಿತ್ತು. ಬುದ್ಧನೇ ಹಾಡಿಕೊಂಡ ಹಾಗೆ ಬರೆದಿದ್ದರು. ಕಪಿಲವಸ್ತುವಿನ ಅರಮನೆ ಬಿಟ್ಟೆ, ಕಂಥಕ ಕುದುರೆ ಏರಿದೆ, ಮಲಗಿದ್ದ ಯಶೋಧರೆಯ ಎಬ್ಬಿಸದೆ ಬಿಟ್ಟೆ, ಶಾಂತಿ, ಓ ಶಾಂತಿ, ನಿನಗಾಗಿ ಹೊರಟೆ ಎಂದು. ಅತ್ತೆ ಕಣ್ಣು ಒರೆಸಿಕೊಂಡರು. ನಾನೂ ಮಿಷನ್ನು ನಿಲ್ಲಿಸಿ ಕೇಳಿದೆ. ಭಾನುವಾರ ಇವರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹಾಸನದ ಬಸ್ಸು ಹತ್ತಿದರು.

ಅಲ್ಲಿ ಏನು ನಡೆಯಿತು ಎಂದು ರಾತ್ರಿ ಊಟಕ್ಕೆ ಕೂತು ಇವರೇ ಸಂಭ್ರಮದಿಂದ ಹೇಳಿದರು.

"ಕಪಿಲವಸ್ತು ನೋಡಿದೀರಾ?" ಎಂದು ಸಂಜಯ್ ಸರ್ ಕೇಳಿದರಂತೆ.

"ಇಲ್ಲ ಸಾ."

"ನಿಮ್ಮದು ಅರಮನೆಯಾ?"

"ತಗಡು ಸೀಟಿನ ಮನೆ ಸಾ."

"ಹಾಗಾದರೆ ಸೀಟಿನ ಮನೆ ಅಂತ ಬರೀರಿ. ಕುದುರೆ ಹತ್ತಿದೀರಾ?"

"ಬಸ್ ಹತ್ತೀನಿ ಸಾ."

"ಬಸ್ ಹಾಕಿ. ಈ ಯಶೋಧರೆ ನಿಮ್ಮ ಹೆಂಡತೀನಾ?"

"ಅಯ್ಯೋ ಇಲ್ಲ ಸಾ. ಬುದ್ಧರ ಮನೆಯವ್ರು."

"ಅವರ ಮನೆಯವರು ನಿಮಗೇಕೆ? ಬರೀ ಹೆಂಡತಿ ಅನ್ನಿ. ಹಾಡು ಅಂದರೆ ಹಾನೆಸ್ಟ್ ಆಗಿರಬೇಕು ಧರ್ಮೇಂದ್ರ. ನಿಮ್ಮ ಬದುಕಿನಲ್ಲಿ ಇಲ್ಲದ್ದು ಒಂದೂ ಇರಬಾರದು."

ಕಡೆಗೆ ಉಳಿದದ್ದು ಇದು:

ಸೀಟಿನ ಮನೆಯ ಬಾಗಿಲು ತೆಗೆದೆ
ಮಲಗಿದ್ದ ಹೆಂಡತಿಯ ಎಬ್ಬಿಸದೆ ಬಿಟ್ಟೆ
ಊರ ಮುಂದೆ ನಿಂತು ಮೊದಲ ಬಸ್ಸು ಹಿಡಿದೆ
ಶಾಂತಿ, ಓ ಶಾಂತಿ, ನಿನಗಾಗಿ ಹೊರಟೆ

ಎರಡನೇ ಸಾಲು ಇ ಮೈನರಿನಲ್ಲಿ ಬರುತ್ತದೆ. ಅಲ್ಲೇ ನೋವು ಇರುವುದು ಎಂದು ಸರ್ ಕಂಡುಹಿಡಿದರಂತೆ. ಆ ಸಾಲು ಮುಗಿದ ಕೂಡಲೇ ತಂತಿಗಳ ಮೇಲೆ ಅಂಗೈ ಇಟ್ಟು, ನಾಲ್ಕು ಎಣಿಸುವವರೆಗೆ ಸುಮ್ಮನಿರಬೇಕಂತೆ. ಕೇಳುವವರ ಎದೆಗೆ ಇಳಿಯಬೇಕಂತೆ. ಇವರು ತಟ್ಟೆಯ ಅಂಚಿನ ಮೇಲೆ ಎಣಿಸಿ ತೋರಿಸಿದರು. ಬುದ್ಧನ ಹಾಡಿನಿಂದ ಬುದ್ಧನಿಗೆ ಸೇರಿದ್ದನ್ನೆಲ್ಲ ಒಂದೊಂದಾಗಿ ಕಿತ್ತು ಹಾಕಿದ ಮೇಲೆ ಅಲ್ಲಿ ಉಳಿದಿದ್ದವನು ನಮ್ಮೂರ ನೀರುಗಂಟಿ. ಅದು ನನಗೆ ಆಗ ಹೊಳೆಯಲಿಲ್ಲ. ಊರಿಗೆ ಬೇಗ ಹೊಳೆಯಿತು.

ಇವರು ಅಭ್ಯಾಸ ಮಾಡುತ್ತಿದ್ದದ್ದು ಓವರ್‌ಹೆಡ್ ಟ್ಯಾಂಕಿನ ಕೆಳಗೆ. ನಾಲ್ಕು ಕಂಬದ ನಡುವೆ ದನಿ ಗುಂಯ್ ಅನ್ನುತ್ತದೆ, ಸ್ಟುಡಿಯೋ ಇದ್ದ ಹಾಗೆ ಇದೆ ಎಂದು ಇವರ ಖುಷಿ. ಟ್ಯಾಂಕಿನ ಪಕ್ಕದಲ್ಲೇ ಶಾಂತಿ ಮನೆ. ಶಾಂತಿ ನಮ್ಮೂರ ಅಂಗನವಾಡಿ ಮಿಸ್ಸು. ನನ್ನದೇ ವಾರಿಗೆ, ಮದುವೆಯಾಗಿಲ್ಲ, ಮುದುಕಿ ತಾಯಿ ಲಕ್ಕಮ್ಮನನ್ನು ನೋಡಿಕೊಂಡು ಇದ್ದಾಳೆ. ಮುಖ ತಗ್ಗಿಸಿಕೊಂಡು ಹೋಗುವ ಹೆಣ್ಣು.

ಸುಬ್ಬಮ್ಮ ಬ್ಲೌಸಿನ ಅಳತೆ ಕೊಡುವ ನೆಪದಲ್ಲಿ ಬಂದು ಚಾಪೆಯ ಮೇಲೆ ಕೂತಳು. ಅಳತೆ ಕೊಡುವುದಕ್ಕೆ ಅವಳ ಮೈ ಹತ್ತು ವರ್ಷದಿಂದ ಬದಲಾಗಿಲ್ಲ.

"ಏನ್ ಬಾನು, ಎಂಗಿದೀಯವ್ವಾ?" ಎಂದು ಸಾವಿನ ಮನೆಯಲ್ಲಿ ಕೇಳುವ ದನಿಯಲ್ಲಿ ಕೇಳಿದಳು.

"ಚೆನ್ನಾಗಿದೀನಿ. ಯಾಕೆ?"

"ಏನಿಲ್ಲ ಬುಡು. ಮನಸು ಗಟ್ಟಿ ಮಾಡ್ಕೊ. ನಿನ್ ಗಂಡ ದಿನಾ ಟ್ಯಾಂಕ್ ಕೆಳಗೆ ಕುಂತ್ಕಂಡು ಅವ್ಳ ಎಸ್ರು ಕೂಗ್ತಾವ್ನೆ. ಎಂಡ್ತಿ ಮನಗಿದ್ಲು, ಬುಟ್ಟು ಬಂದೆ ಅಂತ ಬಾಯ್ಬುಟ್ಟು ಏಳ್ತಾವ್ನೆ."

"ಅದು ಬುದ್ಧನ ಹಾಡು ಕಣಕ್ಕ."

"ಬುದ್ಧ ಯಾವ ಬಸ್ ಹಿಡಿದ್ನವ್ವಾ?"

ಸುಬ್ಬಮ್ಮ ದನಿ ತಗ್ಗಿಸಿ ಇನ್ನೊಂದು ಸಾಕ್ಷಿ ಕೊಟ್ಟಳು. ನೀರು ಬಿಟ್ಟಾಗ ಊರಲ್ಲಿ ಮೊದಲು ನೀರು ಬರುವುದು ಯಾರ ಮನೆಗೆ? ಶಾಂತಿ ಮನೆಗೆ. ಅವಳ ಬಿಂದಿಗೆ ತುಂಬಿದ ಮೇಲೆಯೇ ಮಿಕ್ಕವರದು. ಟ್ಯಾಂಕಿನ ಬುಡದಲ್ಲಿ, ತಗ್ಗಿನಲ್ಲಿ ಇರುವ ಮನೆಗೆ ನೀರು ಮೊದಲು ಬಾರದೆ ದಿಬ್ಬದ ಮನೆಗೆ ಬರುತ್ತದೆಯೇ ಎಂದೆ. "ಅದೂ ಸರಿ ಅನ್ನು" ಎಂದಳು. ಎಷ್ಟು ಕನಿಕರದಿಂದ ಅಂದಳೆಂದರೆ ನನಗೆ ಕತ್ತರಿ ಎತ್ತಿ ಬಿಸಾಕುವಷ್ಟು ಸಿಟ್ಟು ಬಂತು.

ಇವರ ಮೇಲೆ ನಂಬಿಕೆ ಇದೆ ಎಂದು ಬಾಯಲ್ಲಿ ಹೇಳಿದೆ. ಆದರೂ ಸಾಯಂಕಾಲ ಇವರು ಬರುತ್ತಲೇ ಬಾಗಿಲು ಹಾಕಿ ಹಿಡಿದುಕೊಂಡೆ.

"ಶಾಂತಿ ಅಂದ್ರೆ ಯಾರು?"

"ಶಾಂತಿ ಅಂದ್ರೆ ಶಾಂತಿ ಕಣೇ."

"ಅದೇ, ಯಾವ ಶಾಂತಿ?"

"ಎಷ್ಟು ಶಾಂತಿ ಐತೆ ಲೋಕದಲ್ಲಿ? ಮನಸಿಂದು ಕಣೇ, ಮನಸಿಂದು."

"ಮನಸಲ್ಲಿ ಅವ್ಳೇ ಇರೋದಾ ಹಂಗಾದ್ರೆ?"

ಆಗ ಇವರಿಗೆ ಅರ್ಥವಾಯಿತು. ಮುಖ ಬಿಳಿಚಿಕೊಂಡಿತು. ಇಷ್ಟು ದಿನ ಆ ಮನೆಯ ಮುಂದೆ ಕೂತು ಬಾಯ್ತುಂಬ ಹಾಡಿದ್ದು ನೆನಪಾಗಿ, ತಲೆಯ ಮೇಲೆ ಟವಲ್ಲು ಹಾಕಿಕೊಂಡು ಕುಸಿದು ಕೂತರು. ಆ ಮುಖ ನೋಡಿಯೇ ನನ್ನ ಅರ್ಧ ಸಂಶಯ ಹೋಯಿತು. ಕಳ್ಳತನ ಮಾಡುವಷ್ಟು ಚುರುಕು ಈ ಮನುಷ್ಯನಿಗೆ ಇಲ್ಲ.

ಮಾರನೇ ದಿನ ಚೆನ್ನಯ್ಯ ಮೇಷ್ಟ್ರು ಸಮಿತಿಯನ್ನು ನಮ್ಮ ಜಗುಲಿಗೇ ಕರೆದುಕೊಂಡು ಬಂದರು. ಸುದ್ದಿ ಅವರಿಗೂ ಮುಟ್ಟಿತ್ತು. "ಹಾಡು ಬದಲಾಯಿಸೋದು ಬ್ಯಾಡ, ಪದ ಬದಲಾಯಿಸಾನ. ಶಾಂತಿ ತಗುದು ಕರುಣಾ ಹಾಕು" ಎಂದರು.

"ಮೇಷ್ಟ್ರೇ, ಕರುಣಾ ನಿಮ್ಮ ಸೊಸೆ" ಎಂದರು ಇವರು.

ಮೇಷ್ಟ್ರು ಕೆಮ್ಮಿದರು. ಮೈತ್ರಿ ಎಂದರು. ಮೈತ್ರಿ ಸುಬ್ಬಮ್ಮನ ಮಗಳು, ಹಾಕಿದರೆ ಊರು ಬಿಡಬೇಕಾಗುತ್ತದೆ. ಪ್ರಜ್ಞಾ ಎಂದರೆ ಪಂಚಾಯಿತಿಯಲ್ಲಿ ಇವರಿಗೆ ಸಂಬಳದ ಬಿಲ್ಲಿಗೆ ಸೈನು ಹಾಕುವ ಮೇಡಮ್ಮು. ಮುದಿತಾ ಈಗ ಪಿಯುಸಿ ಓದುತ್ತಿದ್ದಾಳೆ. ಬುದ್ಧ ಹೇಳಿದ ಒಳ್ಳೆಯ ಗುಣಗಳೆಲ್ಲ ನಮ್ಮ ಬೀದಿಯಲ್ಲಿ ಹೆಣ್ಣುಮಕ್ಕಳಾಗಿ ಬಿಂದಿಗೆ ಹಿಡಿದುಕೊಂಡು ಓಡಾಡುತ್ತಿವೆ. ಅಷ್ಟಕ್ಕೂ ಹೆಸರು ಇಟ್ಟವರು ಮೇಷ್ಟ್ರೇ, ಹೊರಗೆ ಒಂದನ್ನೂ ಉಳಿಸಿರಲಿಲ್ಲ.

"ನೆಮ್ಮದಿ ಅಂತ ಯಾರಿಗೂ ಇಟ್ಟಿಲ್ಲ" ಎಂದು ಮೇಷ್ಟ್ರು ಗೆದ್ದವರ ಹಾಗೆ ಹೇಳಿದರು.

ಇವರು ಗಿಟಾರ್ ಹಿಡಿದು ಹಾಡಿ ನೋಡಿದರು. ನೆಮ್ಮದಿ, ಓ ನೆಮ್ಮದಿ, ನಿನಗಾಗಿ ಹೊರಟೆ. ಸಮಿತಿಯ ಒಬ್ಬರು, "ಇದು ನೆಮ್ಮದಿ ಕೇಂದ್ರಕ್ಕೆ ಓದಂಗೆ ಆಯ್ತದಲ್ಲ. ಮೊದಲ ಬಸ್ಸು ಬೇರೆ ಹಿಡಿದವ್ನೆ. ಜಾತಿ ಸರ್ಟಿಫಿಕೇಟ್ ತರಾಕೆ ಓದಂಗೈತೆ" ಎಂದರು. ಎಲ್ಲರಿಗೂ ಹೌದೆನ್ನಿಸಿತು.

ಕೊನೆಗೆ ಮೇಷ್ಟ್ರು ಪಾಳಿ ಭಾಷೆಯಲ್ಲಿ ನಿಬ್ಬಾಣ ಎಂಬ ಪದವಿದೆ, ಅದೇ ಬುದ್ಧನ ಕಡೆಯ ಗುರಿ, ಯಾರೂ ತಪ್ಪು ತಿಳಿಯಲಾರರು ಎಂದರು. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ನನ್ನ ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಮನಗಿರೋ ಎಂಡ್ತಿ ಬುಟ್ಟು ನಿಬ್ಬಣ ಒಂಟವ್ನಾ? ಶಾಂತಿನೇ ವಾಸಿ ಕಣ್ರಪ್ಪ. ಇವ್ನು ಮದ್ವೇನೇ ಮಾಡ್ಕಳಾಕೆ ಒಂಟವ್ನೆ." ನಮ್ಮ ಕಡೆ ಮದುವೆಯ ದಿಬ್ಬಣವನ್ನು ನಿಬ್ಬಣ ಅನ್ನುತ್ತಾರೆ. ಸಮಿತಿ ಟೀ ಕುಡಿದು ಎದ್ದಿತು. ಹಾಡು ಬೇಡ, ಮತ್ತೆ ಹಾರ್ಮೋನಿಯಮ್ಮೇ ಇರಲಿ ಎಂದು ಮೇಷ್ಟ್ರು ಹೊರಡುವಾಗ ಹೇಳಿದರು. ಇವರು ಗಿಟಾರನ್ನು ಮೊಳೆಗೆ ಹಾಕಿ ಗೋಡೆಯ ಕಡೆ ತಿರುಗಿಸಿಟ್ಟರು. ಅನ್ನ ಸೇರಲಿಲ್ಲ.

ಎರಡು ದಿನ ಬಿಟ್ಟು ಶಾಂತಿ ಬಂದಳು. ಕೈಯಲ್ಲಿ ನೀಲಿ ಬಣ್ಣದ ಬ್ಲೌಸ್ ಪೀಸು. ನಾನು ಏಳಲಿಲ್ಲ, ಕೂರು ಅನ್ನಲೂ ಇಲ್ಲ.

"ಅಕ್ಕ, ಆಡಿಂದ ನನ್ ಎಸ್ರು ತಗೀತಾರಂತೆ, ನಿಜವಾ?"

"ಆಡೇ ಇಲ್ಲ. ಬುಟ್ಟಾಯ್ತು. ನಿಂಗೂ ನೆಮ್ಮದಿ ಆಯ್ತಲ್ಲ, ಓಗು."

ಅವಳು ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. "ಅದು ನನ್ ಮ್ಯಾಲೆ ಕಟ್ಟಿದ್ದಲ್ಲ ಅಂತ ಗೊತ್ತು ಕಣಕ್ಕ. ಅಣ್ಣ ತಲೆ ಎತ್ತಿ ನಮ್ಮನೆ ಕಡೆ ನೋಡಿದ್ದೂ ಇಲ್ಲ. ಆದ್ರೂ ಇರ್ಲಿ ಬುಡಿ. ಮಕ್ಳು ಮಿಸ್ಸು ಅಂತವೆ. ಮೀಟಿಂಗಲ್ಲಿ ಸೆಂಟರ್ ನಂಬರ್ ಇಡ್ಕಂಡು ಕೂಗ್ತಾರೆ. ಅವ್ವನಿಗೆ ನಾನು ಯಾರು ಅಂತ್ಲೇ ಮರ್ತೋಗೈತೆ. ಯಾರಾದ್ರೂ ಬಾಯ್ತುಂಬ ಶಾಂತಿ ಅಂತ ಕರದಿದ್ದು ಆ ಟ್ಯಾಂಕ್ ಕೆಳಗೇನೇ. ಬೆಳಗಾನ ನೀರ್ ಇಡಿಯೋವಾಗ ಕೇಳ್ತಿದ್ದೆ. ಊರು ಏನಾರ ಅಂದ್ಕಳ್ಲಿ."

ಇಷ್ಟು ಹೇಳಿ, ಬ್ಲೌಸ್ ಪೀಸು ಇಟ್ಟು, "ತೋಳಿಗೆ ಅಂಚು ಬರಂಗೆ ಹೊಲೀರಿ" ಎಂದು ಹೋದಳು.

ನನಗೆ ಅಳು ಬಂತು. ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವಳಿಗಾಗಿ ಅತ್ತದ್ದು ಸ್ವಲ್ಪ, ನನಗಾಗಿ ಅತ್ತದ್ದೇ ಹೆಚ್ಚು. ಒಂದೊಂದು ಚರಣದಲ್ಲೂ ಶಾಂತಿ, ಓ ಶಾಂತಿ ಎಂದು ಕರೆಯುವ ಬಾಯಿ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದಿಲ್ಲ. ಹಾಡಿನೊಳಗೆ ನಾನೂ ಇದ್ದೇನೆ, ಇಲ್ಲ ಎಂದಲ್ಲ. ಎರಡನೇ ಸಾಲಿನಲ್ಲಿ ಮಲಗಿದ್ದೇನೆ. ಹೆಸರಿಲ್ಲ, ಎಚ್ಚರವೂ ಇಲ್ಲ. ಅದನ್ನು ಕಟ್ಟಿಕೊಂಡು ಈ ಮನುಷ್ಯ ನೋವು ಸಿಕ್ಕಿತು ಎಂದು ಕುಣಿದಾಡಿದ.

ನಿಜ ಹೇಳುತ್ತೇನೆ. ಇವರು ದಿನಾ ಕತ್ತಲಲ್ಲಿ ಎದ್ದು, ನನ್ನನ್ನು ಎಬ್ಬಿಸಬಾರದು ಎಂದು ಬೆಕ್ಕಿನ ಹಾಗೆ ಹೆಜ್ಜೆ ಇಟ್ಟುಕೊಂಡು ವಾಲ್ವ್ ತಿರುಗಿಸಲು ಹೋಗುತ್ತಾರೆ. ನನಗೆ ಅವರಿಗಿಂತ ಮೊದಲೇ ಎಚ್ಚರವಾಗಿರುತ್ತದೆ. ಕಣ್ಣು ಬಿಟ್ಟರೆ ಕಾಫಿ ಕೇಳುತ್ತಾರೆ ಎಂದು ಮುಚ್ಚಿಕೊಂಡಿರುತ್ತೇನೆ. ಮದುವೆಯಾದಾಗಿನಿಂದಲೂ ಹೀಗೇ ನಡೆದಿದೆ.

ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿದೆ. "ಹಾಡಿ. ಶಾಂತಿ ಇರ್ಲಿ. ಮೇಷ್ಟ್ರಿಗೆ ನಾನೇ ಹೇಳ್ತೀನಿ, ನನ್ನ ಅಭ್ಯಂತರ ಇಲ್ಲ ಅಂತ. ಆದ್ರೆ ಎರಡನೇ ಸಾಲು ತೆಗೀರಿ."

ಇವರ ಕೈ ತಟ್ಟೆಯಲ್ಲೇ ನಿಂತಿತು. "ಅದ್ಯಾಕೆ? ಸರ್ ಹೇಳವ್ರೆ, ಇಡೀ ಆಡಲ್ಲಿ ನೋವಿರೋದು ಅಲ್ಲೇ."

"ಯಾರ ನೋವು?"

"ಬುಟ್ಟು ಓಗೋನ್ದು."

"ಮಲಗಿರೋಳ್ದು?"

"ಮನಗಿರೋಳ್ಗೆ ಏನೇ ಗೊತ್ತಾಯ್ತದೆ?" ಎಂದರು. ಹಾಗೆಂದು ಮಜ್ಜಿಗೆ ಕೇಳಿದರು.

ಮಜ್ಜಿಗೆ ಹೊಯ್ದೆ. ಮೇಷ್ಟ್ರಿಗೆ ಹೇಳಿ ಕಳಿಸಿದೆ. ಮನೆಯವಳೇ ಒಪ್ಪಿದ ಮೇಲೆ ನಮ್ಮದೇನು ಎಂದು ಅವರೂ ಒಪ್ಪಿದರು. ಹಾರ್ಮೋನಿಯಂನವರಿಗೆ ಬೇಜಾರಾಯಿತು.

ಬುದ್ಧಪೂರ್ಣಿಮೆಯ ದಿನ ನಮ್ಮೂರಿನಿಂದ ಚನ್ನರಾಯಪಟ್ಟಣಕ್ಕೆ ಟೆಂಪೋಗಳು ಹೊರಟವು. ಧಮ್ಮದ ಮೇಲೆ ಅಷ್ಟೊಂದು ಪ್ರೀತಿ ಉಕ್ಕಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನಮ್ಮ ಬೀದಿಯವರು ಸರಿ, ಬುದ್ಧನ ಫೋಟೋ ಇಲ್ಲದ ದಿಬ್ಬದ ಮೇಲಿನ ಮನೆಯವರೂ ಬಂದರು. ಎಲ್ಲರಿಗೂ ಬೇಕಾಗಿದ್ದದ್ದು ಹಾಡುವಾಗ ಶಾಂತಿಯ ಮುಖ ಹೇಗಾಗುತ್ತದೆ, ನನ್ನ ಮುಖ ಹೇಗಾಗುತ್ತದೆ ಎಂಬುದು. ಶಾಂತಿ ನಾನು ಹೊಲಿದ ನೀಲಿ ಬ್ಲೌಸು ತೊಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದಳು. ಅಂಚು ತೋಳಿಗೆ ಸರಿಯಾಗಿ ಬಂದಿತ್ತು. ನಾನು ಹೋಗಿ ಅವಳ ಪಕ್ಕದಲ್ಲೇ ಕೂತೆ. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು.

ಸಂಜಯ್ ಸರ್ ಅತಿಥಿಯಾಗಿ ಬಂದಿದ್ದರು. ಒಳಾಂಗಣದಲ್ಲೂ ಕಪ್ಪು ಕನ್ನಡಕ. ಬುದ್ಧ ವಂದನೆ ಆಯಿತು, ಭಾಷಣಗಳಾದವು. ಇವರು ಬಿಳಿ ಶರ್ಟು ಹಾಕಿಕೊಂಡು ಗಿಟಾರ್ ಹಿಡಿದು ಮೈಕಿನ ಮುಂದೆ ನಿಂತರು. ತಂತಿ ಬಿಗಿ ಮಾಡುತ್ತಾ ಎಷ್ಟು ಹೊತ್ತು ಟಿಂಯ್ ಟಿಂಯ್ ಅನ್ನಿಸಿದರೆಂದರೆ, ಅದೇ ಹಾಡು ಎಂದು ತಿಳಿದು ಹಿಂದೆ ಯಾರೋ ಚಪ್ಪಾಳೆ ತಟ್ಟಿಬಿಟ್ಟರು.

ಆಮೇಲೆ ಹಾಡಿದರು. ಸೀಟಿನ ಮನೆಯ ಬಾಗಿಲು ತೆಗೆದೆ. ದನಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮಲಗಿದ್ದ ಹೆಂಡತಿಯ ಎಬ್ಬಿಸದೆ ಬಿಟ್ಟೆ. ಬೆರಳು ಇ ಮೈನರಿಗೆ ಸರಿಯಾಗಿ ಕೂತಿತು. ಇವರು ತಂತಿಗಳ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಮನಸ್ಸಿನಲ್ಲಿ ಎಣಿಸತೊಡಗಿದರು. ಭವನವೆಲ್ಲ ಗಪ್‌ಚಿಪ್. ನಮ್ಮೂರಿನ ತಲೆಗಳೆಲ್ಲ ಒಟ್ಟಿಗೆ ಮೊದಲು ಶಾಂತಿಯ ಕಡೆ, ಆಮೇಲೆ ನನ್ನ ಕಡೆ ತಿರುಗಿದವು. ನಮ್ಮೂರು ತಿರುಗಿದ್ದನ್ನು ನೋಡಿ ಬೇರೆ ಊರುಗಳೂ ತಿರುಗಿದವು. ನಾನು ಏನನ್ನೂ ಯೋಚಿಸಿಕೊಂಡು ಬಂದಿರಲಿಲ್ಲ. ಸುಮ್ಮನೆ ಬಾಯಿ ತೆರೆಯಿತು.

"ಎದ್ದಿದ್ದೆ ಕಣ್ರೀ" ಎಂದೆ.

ಕೂಗಿ ಹೇಳಿದ್ದಲ್ಲ. ಆ ಮೌನಕ್ಕೆ ಅಷ್ಟೇ ಸಾಕಾಗಿತ್ತು. ಇವರು ಕಣ್ಣು ಬಿಟ್ಟರು.

"ದಿನಾ ಎದ್ದೇ ಇರ್ತೀನಿ. ಕಣ್ ಬುಟ್ರೆ ಕಾಫಿ ಕೇಳ್ತೀರ ಅಂತ ಮುಚ್ಕಂಡಿರ್ತೀನಿ."

ಮೊದಲು ನಕ್ಕವಳು ಶಾಂತಿ. ಅವಳು ನಕ್ಕಿದ್ದನ್ನು ನಾನು ನೋಡಿದ್ದೇ ಅವತ್ತು. ಆಮೇಲೆ ಹೆಂಗಸರ ಕಡೆಯೆಲ್ಲ ನಗು ಹಬ್ಬಿತು. ಚೆನ್ನಯ್ಯ ಮೇಷ್ಟ್ರು ಎದ್ದು ನಿಂತು, "ನಿಶ್ಶಬ್ದ, ನಿಶ್ಶಬ್ದ" ಎಂದು ಹಳೆಯ ಕ್ಲಾಸಿನ ದನಿಯಲ್ಲಿ ಗದರಿಸಿದರು. ಅವರನ್ನೂ ಮೀರಿ ನನ್ನ ಅತ್ತೆಯ ದನಿ ಕೇಳಿಸಿತು. "ಅವ್ಳು ಏಳೋದು ದಿಟ ಕಣ್ಲಾ ಧರ್ಮ. ನಿಮ್ಮಪ್ಪ ತೂಬು ಎತ್ತಾಕೆ ಓಗೋವಾಗ ನಾನೂ ಎದ್ದೇ ಇರ್ತಿದ್ದೆ." ನನ್ನ ಹಿಂದೆ ಕೂತಿದ್ದ ಸುಬ್ಬಮ್ಮ, ನನ್ನನ್ನು ಕನಿಕರದಿಂದ ನೋಡಲು ಬಂದವಳು, "ಯಾರವ್ವಾ ನಿದ್ದೆ ಮಾಡ್ತಾರೆ?" ಎಂದು ತನ್ನಷ್ಟಕ್ಕೇ ಅಂದಳು.

ಇವರು ಮೈಕಿನ ಮುಂದೆ ಮಂಕು ಹಿಡಿದವರ ಹಾಗೆ ನಿಂತಿದ್ದರು. ನಾಲ್ಕು ಎಣಿಕೆ ಯಾವಾಗಲೋ ಮುಗಿದುಹೋಗಿತ್ತು. ನನಗೆ ಆಗ ಹೆದರಿಕೆಯಾಯಿತು. ಗಿಟಾರ್ ಕೆಳಗಿಟ್ಟು ಹೋಗಿಬಿಟ್ಟರೆ, ಇಷ್ಟು ಜನರ ಮುಂದೆ ಗಂಡನ ಮರ್ಯಾದೆ ತೆಗೆದವಳು ಎಂದು ನಾನು ಸಾಯುವವರೆಗೂ ಅನ್ನಿಸಿಕೊಳ್ಳಬೇಕಿತ್ತು. ಇವರು ಸಂಜಯ್ ಸರ್ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಮತ್ತೆ ಮೊದಲಿನಿಂದ ಶುರುಮಾಡಿದರು.

ಸೀಟಿನ ಮನೆಯ ಬಾಗಿಲು ತೆಗೆದೆ
ಎದ್ದಿದ್ದ ಹೆಂಡತಿಯ ಎಬ್ಬಿಸದೆ ಬಿಟ್ಟೆ

ತಾಳಕ್ಕೆ ಸರಿಯಾಗಿ ಕೂತಿತು. ಅರ್ಥ ಮಾತ್ರ ಯಾರಿಗೂ ಪೂರ್ತಿ ಆಗಲಿಲ್ಲ, ಅದಕ್ಕೇ ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಶಾಂತಿ, ಓ ಶಾಂತಿ ಎಂದು ಬಂದಾಗ ಹುಡುಗರು ಜೊತೆಗೆ ಹಾಡಿದರು, ಅಂಗನವಾಡಿ ಮಕ್ಕಳ ತಾಯಂದಿರೂ ಹಾಡಿದರು. ಶಾಂತಿ ತಲೆ ತಗ್ಗಿಸಲಿಲ್ಲ. ಸಂಜಯ್ ಸರ್ ಮೈಕು ಹಿಡಿದು, ಇದು ತುಂಬಾ ಡೀಪ್ ಲೈನ್, ಇಂಥದ್ದನ್ನೇ ತಾನು ಕಲಿಸುತ್ತಿರುವುದು ಎಂದರು. ಮೇಷ್ಟ್ರು ಅಧ್ಯಕ್ಷ ಭಾಷಣದಲ್ಲಿ, ಬುದ್ಧ ಎಂದರೇ ಎಚ್ಚೆತ್ತವನು, ಎಚ್ಚೆತ್ತವರನ್ನು ಎಬ್ಬಿಸುವುದು ಹೇಗೆ, ಇದು ಬಹಳ ಗಹನವಾದ ಪ್ರಶ್ನೆ ಎಂದು ಊಟ ಆರಿಹೋಗುವವರೆಗೂ ವಿವರಿಸಿದರು. ಕಾಫಿಯ ವಿಷಯ ಯಾರೂ ಎತ್ತಲಿಲ್ಲ.

ವಾಪಸು ಬರುವಾಗ ಟೆಂಪೋದಲ್ಲಿ ಇವರು ನನ್ನ ಜೊತೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೂ ಇಲ್ಲ. ಗಿಟಾರನ್ನು ಮೊಳೆಗೆ ಹಾಕಿ ಮಲಗಿಬಿಟ್ಟರು. ಸಿಟ್ಟೋ ನಾಚಿಕೆಯೋ ಬೆನ್ನು ನೋಡಿ ತಿಳಿಯಲಿಲ್ಲ. ಆಡಬಾರದಿತ್ತೇನೋ ಎಂದು ನಾನು ಹೊರಳಾಡಿದೆ.

ಬೆಳಗಿನ ಜಾವ ಎಂದಿನಂತೆ ಮಂಚ ಕಿರ್ ಎಂದಿತು. ಗೋಡೆಯಿಂದ ವಾಲ್ವ್ ಕೀ ತೆಗೆದುಕೊಂಡ ಸದ್ದಾಯಿತು. ನಾನು ಅಭ್ಯಾಸದಂತೆ ಕಣ್ಣು ಮುಚ್ಚಿಕೊಂಡೆ. ಹೆಜ್ಜೆ ಬಾಗಿಲವರೆಗೆ ಹೋಗಿ ನಿಂತಿತು.

"ಭಾನುಪ್ರಿಯಾ."

ಆ ದನಿಯಲ್ಲಿ ನನ್ನ ಹೆಸರು ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ತಕ್ಷಣ ಓಗೊಡಲಿಲ್ಲ. ನಾಲ್ಕು ಎಣಿಸುವವರೆಗೆ ಸುಮ್ಮನಿದ್ದೆ, ಎದೆಗೆ ಇಳಿಯಲಿ ಎಂದು.

"ಭಾನುಪ್ರಿಯಾ, ಎದ್ದಿದೀಯ ಅಂತ ಗೊತ್ತು. ಕಾಫಿ ಪುಡಿ ಎಲ್ಲೈತೆ?"

"ಮೇಲಿನ ಗೂಡಲ್ಲಿ. ಸಕ್ಕರೆ ಡಬ್ಬದ ಹಿಂದೆ" ಎಂದೆ, ಕಣ್ಣು ಬಿಡದೆ.

ಡಬ್ಬಗಳು ಸದ್ದು ಮಾಡಿದವು. ಸ್ಟವ್ ಹೊತ್ತಿಸಲು ಬಾರದೆ ಲೈಟರನ್ನು ಬಹಳ ಹೊತ್ತು ಟಿಕ್ ಟಿಕ್ ಅನ್ನಿಸಿದರು. ಹಾಲು ಉಕ್ಕಿ ಚೆಲ್ಲಿದ ವಾಸನೆ ಬಂತು. ಅವತ್ತು ಊರಿಗೆ ನೀರು ತಡವಾಗಿ ಬಂತು. ಶಾಂತಿ ಮನೆಗೂ.